ಮಳೆಗಾಲದ ಔಷಧಿ ಡಬ್ಬಿ: ಯಾವ ಗುಳಿಗೆ ಯಾವ ಗುಂಪಿನದು

ಕಾರವಾರದಿಂದ ಭಟ್ಕಳದವರೆಗೆ ಯಾರ ಮನೆಯ ಡಬ್ಬಿ ತೆರೆದರೂ ಅರ್ಧ ಖಾಲಿಯಾದ ನಾಲ್ಕಾರು ಗುಳಿಗೆ ಪಟ್ಟಿ ಸಿಗುತ್ತವೆ. ಮಳೆ ಹಿಡಿಯುವ ಮೊದಲು ಅವನ್ನು ಹರವಿಕೊಂಡು, ಕಂಪನಿ ಇಟ್ಟ ಹೆಸರನ್ನು ಬಿಟ್ಟು, ಹತ್ತಿರದಲ್ಲೇ ಇರುವ ಔಷಧದ ಹೆಸರು ಓದಿ.

ಜ್ವರಕ್ಕೆ ಪ್ಯಾರಾಸಿಟಮಾಲ್. ಮೈಬಿಸಿ ಏರಿಸುವ ಪ್ರೋಸ್ಟಾಗ್ಲಾಂಡಿನ್ ಮಿದುಳಿನಲ್ಲಿ ತಯಾರಾಗುವುದನ್ನು ಇದು ತಗ್ಗಿಸುತ್ತದೆ. ದೊಡ್ಡವರಿಗೆ ಒಮ್ಮೆಗೆ 500 ಅಥವಾ 650 ಮಿಲಿಗ್ರಾಂ, ನಡುವೆ 4ರಿಂದ 6 ತಾಸು ಬಿಡುವು, ದಿನಕ್ಕೆ 4 ಗ್ರಾಂ ಮೀರಬಾರದು. ಕುಡಿತವಿದ್ದವರಿಗೆ, ಪಿತ್ತಜನಕಾಂಗ ಸೋತವರಿಗೆ ಈ ಮಿತಿ ಇನ್ನೂ ಕಡಿಮೆ. ಲೆಕ್ಕ ತಪ್ಪುವುದು ಶೀತದ ಗುಳಿಗೆಯಿಂದ: ಅನೇಕ ಶೀತದ ಗುಳಿಗೆಗಳಲ್ಲೂ ಪ್ಯಾರಾಸಿಟಮಾಲ್ ಬೆರೆತಿರುತ್ತದೆ.

ಐಬುಪ್ರೊಫೆನ್, ಡೈಕ್ಲೊಫೆನಾಕ್ ನೋವಿನ ಗುಂಪಿನವು. ಇವು ಅದೇ ಪ್ರೋಸ್ಟಾಗ್ಲಾಂಡಿನ್ನನ್ನು ಮೈಯೆಲ್ಲ ತಡೆಯುತ್ತವೆ. ಹೊಟ್ಟೆಯ ಒಳಪದರವನ್ನು ಆಮ್ಲದಿಂದ ಕಾಯುವುದೂ ಅದೇ ಆದ್ದರಿಂದ ಖಾಲಿ ಹೊಟ್ಟೆಗೆ ಬೇಡ, ಗಂಜಿಯಾದರೂ ಉಂಡಿರಬೇಕು. ಮೂತ್ರಪಿಂಡದ ಕಾಯಿಲೆ ಇದ್ದವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಇನ್ನೊಂದು ಅಪಾಯ ನಮ್ಮ ಜಿಲ್ಲೆಗೆ ಹತ್ತಿರದ್ದು. ಡೆಂಗಿಯಲ್ಲಿ, ಸಿದ್ದಾಪುರದ ಕಡೆ ಕಾಣುವ ಮಂಗನ ಕಾಯಿಲೆಯಲ್ಲಿ ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್ ಇಳಿಯುತ್ತವೆ. ಉಳಿದ ಪ್ಲೇಟ್‌ಲೆಟ್‌ಗಳೂ ಅಂಟಿಕೊಳ್ಳದಂತೆ ಈ ಗುಳಿಗೆಗಳು ಮಾಡಿದರೆ ರಕ್ತಸ್ರಾವಕ್ಕೆ ದಾರಿಯಾಗುತ್ತದೆ. ಯಾವ ಜ್ವರವೆಂದು ಗೊತ್ತಾಗುವವರೆಗೆ ಮೈಕೈ ಎಷ್ಟೇ ನೋಯಲಿ, ಪ್ಯಾರಾಸಿಟಮಾಲ್ ಒಂದೇ ಸಾಕು. ಆಸ್ಪಿರಿನ್ನಿಗೂ ಇದೇ ಮಾತು. ಆದರೆ ಹೃದಯಕ್ಕೆಂದು ಅದನ್ನು ನಿತ್ಯ ತಗೊಳ್ಳುವವರು ತಾವಾಗಿ ನಿಲ್ಲಿಸದೆ ಅದೇ ದಿನ ವೈದ್ಯರಿಗೆ ತಿಳಿಸಬೇಕು.

ಎದೆಯುರಿಗೆ ಎರಡು ಬಗೆ. ಬಾಟಲಿಯ ಆಂಟಾಸಿಡ್ ಆಗಲೇ ಇರುವ ಆಮ್ಲವನ್ನು ಕೆಲವೇ ನಿಮಿಷದಲ್ಲಿ ಸಪ್ಪೆ ಮಾಡುತ್ತದೆ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಆಮ್ಲ ಸುರಿಸುವ ಪಂಪನ್ನೇ ಮುಚ್ಚುತ್ತವೆ. ತಿಂಡಿಗೆ ಅರ್ಧ ತಾಸು ಮೊದಲು ನುಂಗಬೇಕು. ಉಂಡು ಉರಿ ಹತ್ತಿದ ಮೇಲೆ ನುಂಗಿ ‘ಹತ್ತಲಿಲ್ಲ’ ಎಂದರೆ ತಪ್ಪು ಗುಳಿಗೆಯದಲ್ಲ.

ಸೀನು, ತುರಿಕೆಗೆ ಸೆಟ್ರಿಜಿನ್. ಸೀನು, ತುರಿಕೆ ಎಬ್ಬಿಸುವ ಹಿಸ್ಟಮಿನ್ ಕೂರುವ ಜಾಗದಲ್ಲಿ ತಾನು ಕೂರುತ್ತದೆ, ಕೆಲವರಿಗೆ ತೂಕಡಿಕೆ ತರುತ್ತದೆ. ಅಡಿಕೆ ಮರ ಹತ್ತುವ ಕೊನೆಗೌಡರು, ದೋಣಿಗೆ ಹೋಗುವವರು ರಾತ್ರಿ ತಗೊಳ್ಳುವುದು ಒಳಿತು.

ಆಂಟಿಬಯೋಟಿಕ್ ಪಟ್ಟಿಯ ಮೇಲೆ ಕೆಂಪು ಗೆರೆ ಇರುತ್ತದೆ, ವೈದ್ಯರು ಬರೆಯದೆ ತಗೊಳ್ಳಬಾರದೆಂಬ ಗುರುತು ಅದು. ಬ್ಯಾಕ್ಟೀರಿಯಾದ ಮೇಲಷ್ಟೇ ಇದರ ಆಟ. ಡೆಂಗಿ, ನೆಗಡಿ ವೈರಸ್ಸಿನವು. ಗದ್ದೆ ಕೆಸರಿನಿಂದ ಬರುವ ಇಲಿ ಜ್ವರಕ್ಕೆ ವೈದ್ಯರು ಡಾಕ್ಸಿಸೈಕ್ಲಿನ್ ಬರೆದರೆ ದೊಡ್ಡ ಲೋಟ ನೀರಿನೊಡನೆ ಕುಳಿತು ನುಂಗಿ, ಅರ್ಧ ತಾಸು ಮಲಗಬೇಡಿ. ಇಲ್ಲದಿದ್ದರೆ ಅನ್ನನಾಳಕ್ಕೆ ಅಂಟಿ ಹುಣ್ಣಾಗಬಹುದು. ಹಾಲು, ಆಂಟಾಸಿಡ್ ಜೊತೆ ಬೇಡ, ಮದ್ದು ಮೈಗೆ ಸರಿಯಾಗಿ ಸೇರುವುದಿಲ್ಲ.

ಡಬ್ಬಿಯನ್ನು ಬಚ್ಚಲ ಗೋಡೆಗೋ ಒಲೆಯ ಮೇಲಿನ ಅಟ್ಟಕ್ಕೋ ಇಡಬೇಡಿ. ಪಟ್ಟಿ ಕತ್ತರಿಸುವಾಗ ಅವಧಿಯ ದಿನಾಂಕವಿರುವ ತುದಿಯನ್ನು ಕೊನೆಗೆ ಉಳಿಸಿ.