1 ಗಿಗಾಬಿಟ್ ಲೈನಿನಲ್ಲೂ ತೆವಳುತ್ತಿದ್ದ ಫೈಲ್

ಬೆಂಗಳೂರಿನಿಂದ ಅಮೆರಿಕದ ಸರ್ವರ್‌ಗೆ ದೊಡ್ಡ ಡೇಟಾ ಕಳಿಸಬೇಕಿತ್ತು. ಲೈನ್ 1 ಗಿಗಾಬಿಟ್‌ನದು, ಸಿಗುತ್ತಿದ್ದದ್ದು ಹೆಚ್ಚುಕಡಿಮೆ ಹತ್ತರಲ್ಲೊಂದು ಪಾಲು. ಎಲ್ಲರೂ ಸುಮ್ನೆ ಲೈನನ್ನೇ ಬೈಯುತ್ತಿದ್ದರು.

ಪಿಂಗ್, ಅಂದರೆ ಸಂದೇಶ ಹೋಗಿ ಉತ್ತರ ಬರಲು ಹಿಡಿಯುವ ಸಮಯ, ನೋಡಿದೆ: 240 ಮಿಲಿಸೆಕೆಂಡ್. ಸುಳಿವು ಅಲ್ಲೇ ಇತ್ತು. ಇಂಟರ್‌ನೆಟ್‌ನಲ್ಲಿ ಡೇಟಾ ಸಾಗಿಸುವ ನಿಯಮಾವಳಿಯಾದ ಟಿಸಿಪಿ ಒಂದಿಷ್ಟು ಡೇಟಾ ಕಳಿಸಿ, ಆ ಕಡೆಯಿಂದ 'ಬಂತು' ಎಂಬ ಉತ್ತರಕ್ಕೆ ಕಾಯುತ್ತದೆ. ಲೈನ್ ಖಾಲಿ ಬೀಳಬಾರದು ಅಂದರೆ ವೇಗವನ್ನು ಪಿಂಗ್ ಸಮಯದಿಂದ ಗುಣಿಸಿದಷ್ಟು, ಅಂದರೆ 240 ಮೆಗಾಬಿಟ್ ಅಥವಾ 30 ಎಂಬಿ, ಯಾವಾಗಲೂ ದಾರಿಯಲ್ಲಿರಬೇಕು. ಆ ಕಡೆಯ ಲಿನಕ್ಸ್‌ನಲ್ಲಿ ರಿಸೀವ್ ಬಫರ್‌ನ (ಬಂದ ಡೇಟಾವನ್ನು ತಾತ್ಕಾಲಿಕವಾಗಿ ಇಡುವ ಜಾಗ) ಮಿತಿ ಬರೀ 6 ಎಂಬಿ ಇತ್ತು. ಅದರಲ್ಲೂ ಅರ್ಧದಷ್ಟನ್ನು ಲಿನಕ್ಸ್‌ನ ತಿರುಳಾದ ಕರ್ನಲ್ ತನ್ನ ಖರ್ಚಿಗೆ ಇಟ್ಟುಕೊಳ್ಳುತ್ತಿತ್ತು. ಉಳಿದದ್ದು 3 ಎಂಬಿ, ಅಂದರೆ 30ರ ಹತ್ತರಲ್ಲೊಂದು ಪಾಲು. ಲೆಕ್ಕ ಸರಿಯಾಗಿ ಕೂತಿತು, ಅಲ್ವಾ?

ಎರಡೂ ಕಡೆ ಟಿಸಿಪಿ_ಆರ್‌ಮೆಮ್ (ರಿಸೀವ್ ಬಫರ್), ಟಿಸಿಪಿ_ಡಬ್ಲ್ಯೂಮೆಮ್ (ಕಳಿಸುವ ಬಫರ್) ಎಂಬ ಸೆಟ್ಟಿಂಗ್‌ಗಳ ಗರಿಷ್ಠ ಮಿತಿಯನ್ನು 64 ಎಂಬಿಗೆ ಏರಿಸಿದೆ. ಒಂದು ಕಡೆ ಮಾತ್ರ ಏರಿಸಿದರೆ ಪ್ರಯೋಜನವಿಲ್ಲ. ಆಮೇಲೆ ಲೈನ್ ಹೆಚ್ಚುಕಡಿಮೆ ಪೂರ್ತಿ ತುಂಬಿ ಓಡಿತು. ಪ್ಯಾಕೆಟ್ ಕಳೆದುಹೋಗುವುದು ಜಾಸ್ತಿ ಇದ್ದರೆ ಗೂಗಲ್‌ನವರು 2016ರಲ್ಲಿ ಹೊರತಂದ, ಕಳಿಸುವ ವೇಗವನ್ನು ನಿರ್ಧರಿಸುವ ಬಿಬಿಆರ್ ಎಂಬ ವಿಧಾನವನ್ನು ಕೂಡ ಹಾಕಿ ನೋಡಬಹುದು. ನಮಗೆ ಬೇಕಾಗಲಿಲ್ಲ.