ಲೇಟಾಗಿದ್ದು ಮೃದಂಗ ಅಲ್ಲ

“ನಲವತ್ತು ವರ್ಷದಿಂದ ನುಡಿಸ್ತಿದ್ದೀನಿ ಕಣಯ್ಯಾ. ತಾಳ ತಪ್ಪಿರೋದು ನಾನಲ್ಲ, ನಿನ್ನ ಡಬ್ಬ” ಎಂದು ಮೃದಂಗದ ಮೇಷ್ಟ್ರು ಕಾಫಿ ಲೋಟ ಕೆಳಗಿಟ್ಟರು. ಕುವೆಂಪುನಗರದ ನಮ್ಮ ಮಹಡಿ ರೂಮಿನಲ್ಲಿ ಪಿಟೀಲಿನ ಟ್ರ್ಯಾಕ್ ಮೇಲೆ ಮೃದಂಗ ಕೂರಿಸುತ್ತಿದ್ದೆ. ನುಡಿಸುವಾಗ ಸರಿ, ಪ್ಲೇ ಮಾಡಿದರೆ ಮೃದಂಗ ಹಿಂದೆ ಹಿಂದೆ. ಮನೆ ಕಂಪ್ಯೂಟರಲ್ಲಿ ಇದೆಲ್ಲ ಆಗಲ್ಲ, ಸ್ಟುಡಿಯೋಗೆ ಹೋಗು ಅಂದರು ಗೆಳೆಯರು. ಗಂಟೆಗೆ 600 ರೂಪಾಯಿ ಯಾರು ಕೊಡೋದು?

ಹಾಗಂತ ದುಡ್ಡು ಉಳಿಯಲಿಲ್ಲ. ಅಂಗಡಿಯವನ ಮಾತು ಕೇಳಿ ರ‍್ಯಾಮ್ ಹಾಕಿಸಿದೆ, ಎರಡು ಸಾವಿರದ ಹತ್ತಿರ ಹೋಯಿತು. ಒಂದು ಮಿಲಿಸೆಕೆಂಡೂ ಕಮ್ಮಿಯಾಗಲಿಲ್ಲ. ಆಮೇಲೆ 1,500 ಕೊಟ್ಟು ಬ್ಲೂಟೂತ್ ಹೆಡ್‌ಫೋನ್ ತಂದೆ. ಅದು ಇನ್ನೂ ಲೇಟು. ಈಗ ಅದರಲ್ಲಿ ಮನೆಯವಳು ಸೀರಿಯಲ್ ನೋಡುತ್ತಾಳೆ.

ಕೊನೆಗೆ ಕೈಹಿಡಿದದ್ದು 80 ರೂಪಾಯಿಯ ವೈರು. ಎರಡೂ ತುದಿಗೆ 3.5 ಎಂಎಂ ಪಿನ್. ಒಂದು ಹೆಡ್‌ಫೋನ್ ತೂತಿಗೆ, ಇನ್ನೊಂದು ಸದ್ದು ಒಳಗೆ ಹೋಗುವ ಲೈನ್ ಇನ್ ತೂತಿಗೆ. ರೆಕಾರ್ಡ್ ಮಾಡೋ ಸಾಫ್ಟ್‌ವೇರ್ ಅಡಾಸಿಟಿಯಲ್ಲಿ ಟಿಕ್ ಟಿಕ್ ಅನ್ನೋ ಕ್ಲಿಕ್ ಟ್ರ್ಯಾಕ್ ಓಡಿಸಿ ಅದನ್ನೇ ವಾಪಸ್ ರೆಕಾರ್ಡ್ ಮಾಡಿದೆ. ಗೆರೆ ಚುಕ್ಕಿ ಚುಕ್ಕಿಯಾಗುವ ತನಕ ಝೂಮ್ ಮಾಡಿದರೆ ಮೂಲ ಕ್ಲಿಕ್ಕಿಗೂ ವಾಪಸ್ ಬಂದ ಕ್ಲಿಕ್ಕಿಗೂ ಮಧ್ಯೆ ಸುಮಾರು 8,000 ಸ್ಯಾಂಪಲ್, ಅಂದರೆ ಅಷ್ಟು ಚುಕ್ಕಿ. ಸೆಕೆಂಡಿಗೆ 44,100 ಅಂದರೆ 180 ಮಿಲಿಸೆಕೆಂಡ್ ಚಿಲ್ಲರೆ. ನಮ್ಮ ಆದಿತಾಳ ನಿಮಿಷಕ್ಕೆ 80 ಏಟಿನಲ್ಲಿತ್ತು. ಏಟಿಗೆ 750, ಅದರ ಕಾಲು ಭಾಗ, ಅಂದರೆ ಒಂದು ಮಾತ್ರೆ, 187. ಹೆಚ್ಚೂಕಮ್ಮಿ ಒಂದು ಮಾತ್ರೆ ಪೂರ್ತಿ ಜಾರಿತ್ತು! ಮೇಷ್ಟ್ರಿಗೆ ಸಿಟ್ಟು ಬರದೇ ಇರುತ್ತಾ?

ರೆಕಾರ್ಡ್ ಆದದ್ದನ್ನು ಎಷ್ಟು ಹಿಂದಕ್ಕೆ ಸರಿಸಬೇಕು ಅಂತ ಅಡಾಸಿಟಿಗೆ ಹೇಳುವ ಲೇಟೆನ್ಸಿ (ತಡ) ಖಾನೆಯಲ್ಲಿ ಮೊದಲೇ ಮೈನಸ್ 130 ಇತ್ತು. ಅದನ್ನು ಅಳಿಸಿ ಮೈನಸ್ 180 ಹಾಕಿದೆ. ಆದರೂ ಲೇಟೇ. ಎರಡು ರಾತ್ರಿ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು, ಆ 180 ಅನ್ನೋದು 130 ಸರಿಸಿದ ಮೇಲೂ ಉಳಿದ ತಡ, ಇದ್ದದ್ದಕ್ಕೆ ಸೇರಿಸಬೇಕಿತ್ತು. ಮೈನಸ್ 310 ಹಾಕಿದೆ. ಕ್ಲಿಕ್ ಮೇಲೆ ಕ್ಲಿಕ್ ಕೂತಿತು.

ನಂಬಿಕೆ ಬರಲೆಂದು ಸುಮ್ನೆ ಇನ್ನೊಂದು ಮಾಡಿದೆ. ಸ್ಪೀಕರಿನಿಂದ ಮೈಕನ್ನು ಮೂರು ಮೀಟರ್ ದೂರ ಇಟ್ಟೆ. 9 ಮಿಲಿಸೆಕೆಂಡಿನ ಹತ್ತಿರ ತಡ ಸಿಕ್ಕಿತು. ಸದ್ದಿಗೂ ನಡೆದು ಬರೋಕೆ ಟೈಮ್ ಬೇಕಲ್ವಾ!

ಆದರೆ ನಲವತ್ತು ನಿಮಿಷದ ಪಲ್ಲವಿ ಮಾಡಿದಾಗ ಶುರುವಿನಲ್ಲಿ ಸರಿಯಿದ್ದದ್ದು ಕೊನೆಗೆ 120 ಮಿಲಿಸೆಕೆಂಡ್ ಆಚೆ ಹೋಗಿತ್ತು. ಪ್ಲೇ ಆಗುವುದು ಕಂಪ್ಯೂಟರಿನ ಕಾರ್ಡಿನಿಂದ, ರೆಕಾರ್ಡ್ ಆಗುವುದು ಯುಎಸ್‌ಬಿ ಮೈಕಿನಿಂದ. ಎರಡಕ್ಕೂ ಬೇರೆ ಬೇರೆ ಗಡಿಯಾರ. ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸ ಸಾಕು, ಇಷ್ಟಾಗುತ್ತೆ. ಸದ್ದನ್ನು ಒಳಗೂ ಹೊರಗೂ ಕಳಿಸುವ ಸೆಕೆಂಡ್ ಹ್ಯಾಂಡ್ ಆಡಿಯೋ ಇಂಟರ್‌ಫೇಸ್ ಒಂದನ್ನು ನಾಲ್ಕು ಸಾವಿರಕ್ಕೆ ತಂದು ಪ್ಲೇ, ರೆಕಾರ್ಡ್ ಎರಡನ್ನೂ ಅದಕ್ಕೇ ಕಟ್ಟಿದೆ. ಹಳೆಯ ರೆಕಾರ್ಡಿಂಗನ್ನು ಎರಡೂ ತುದಿಯ ಗುರುತು ಹಿಡಿದು ಎಳೆದು ಸರಿಮಾಡಿದೆ. ಗುರುತಿಗೆ ಎಲ್ಲರೂ ಚಪ್ಪಾಳೆ ಹೊಡೆಯುತ್ತಾರೆ. ನಾನು ಬೇರೆ ಸದ್ದು ಬಳಸುತ್ತೇನೆ, ಅದು ನನ್ನ ಹತ್ತಿರವೇ ಇರಲಿ.

ಮೇಷ್ಟ್ರು ಪೂರ್ತಿ ಕೇಳಿದರು. ಹೊಗಳಲಿಲ್ಲ. ಈಗ ಮೆಟ್ಟಿಲು ಹತ್ತುತ್ತಲೇ ಕೇಳುತ್ತಾರೆ, “ಆ ವೈರು ಸಿಗಿಸಿ ನೋಡಿದೆಯೇನಯ್ಯಾ?”