ಅಸಮತೆ ಬಿಡಿಸುವಾಗ ಚಿಹ್ನೆ ತಿರುಗುವುದು ಯಾವಾಗ?

ಬೆಂಗಳೂರಿನಲ್ಲಿ 2025ರ ಆಗಸ್ಟ್‌ನಿಂದ ಆಟೊ ದರ ಹೀಗಿದೆ: ಮೊದಲ 2 ಕಿ.ಮೀ.ಗೆ 36 ರೂಪಾಯಿ, ಆಮೇಲೆ ಕಿ.ಮೀ.ಗೆ 18. ನಿಮ್ಮ ಹತ್ತಿರ 100 ರೂಪಾಯಿ ಇದೆ. ಎಷ್ಟು ದೂರ ಹೋಗಬಹುದು? (ಮೀಟರ್ ಹಾಕುತ್ತಾರೆ ಅಂತಲೇ ಇಟ್ಟುಕೊಳ್ಳೋಣ!)

ಇದಕ್ಕೆ ಉತ್ತರ ಒಂದೇ ಸಂಖ್ಯೆ ಅಲ್ಲ. ಮೂರು ಕಿ.ಮೀ. ಆದರೂ ಸರಿ, ಐದಾದರೂ ಸರಿ. ಹಾಗಾಗಿ ಸಮೀಕರಣ ಸಾಲದು, ಅಸಮತೆ ಬೇಕು: ಅಂದರೆ ಒಂದು ಕಡೆ ಇನ್ನೊಂದಕ್ಕಿಂತ ಕಡಿಮೆ ಅಥವಾ ಹೆಚ್ಚು ಎಂದು ಹೇಳುವ ಹೇಳಿಕೆ (≤ ಎಂದರೆ ‘ಕಡಿಮೆ ಅಥವಾ ಸಮ’). ದೂರವನ್ನು ‘ಕ’ ಅನ್ನೋಣ. ಅದು 2ಕ್ಕಿಂತ ಕಡಿಮೆ ಇಲ್ಲ ಎಂಬುದೂ ನೆನಪಿರಲಿ.

36 + 18(ಕ − 2) ≤ 100

ಆವರಣ ಬಿಡಿಸಿ: 36 + 18ಕ − 36 ≤ 100. ಎರಡು 36ಗಳೂ ಹೊಡೆದುಹೋಗುತ್ತವೆ. ಉಳಿಯುವುದು 18ಕ ≤ 100. ಎರಡೂ ಕಡೆ 18ರಿಂದ ಭಾಗಿಸಿದರೆ ಕ ≤ 5.55…, ಅಂದರೆ ಐದೂವರೆ ಕಿ.ಮೀ.ಗೆ ಮೋಸವಿಲ್ಲ.

ಇಲ್ಲಿಯವರೆಗೆ ಎಲ್ಲವೂ ಸಮೀಕರಣದ ಹಾಗೆಯೇ, ಅಲ್ವಾ? ಪರೀಕ್ಷೆಯಲ್ಲಿ ಅಂಕ ಹೋಗುವುದು ಮುಂದಿನ ಲೆಕ್ಕದಲ್ಲಿ. ಇಲ್ಲಿ ‘ಕ’ ದೂರವಲ್ಲ, ಯಾವ ಸಂಖ್ಯೆ ಬೇಕಾದರೂ ಆಗಬಹುದು.

7 − 2ಕ < 15

ಎರಡೂ ಕಡೆ 7 ಕಳೆಯಿರಿ: −2ಕ < 8. ಈಗ −2ರಿಂದ ಭಾಗಿಸಬೇಕು. ಭಾಗಿಸುವ ಸಂಖ್ಯೆ ಋಣವಾದ್ದರಿಂದ ಚಿಹ್ನೆ ತಿರುಗುತ್ತದೆ: ಕ > −4. ಗುಣಿಸುವಾಗಲೂ ಇದೇ ನಿಯಮ. ಕೂಡುವಾಗ, ಕಳೆಯುವಾಗ ಮಾತ್ರ ತಿರುಗಿಸಬೇಡಿ.

ಯಾಕೆ ತಿರುಗಬೇಕು? ಸುಮ್ನೆ ಬಾಯಿಪಾಠ ಮಾಡಬೇಡಿ. 3 < 5 ನಿಜ. ಎರಡನ್ನೂ −1ರಿಂದ ಗುಣಿಸಿ: −3 ಮತ್ತು −5. ಸಂಖ್ಯಾರೇಖೆಯಲ್ಲಿ −5 ಇನ್ನೂ ಎಡಕ್ಕಿದೆ. ಹಾಗಾಗಿ −3 > −5. ಸೊನ್ನೆಯ ಆಚೆ ಹೋದಾಗ ಎಡ ಬಲ ಅದಲುಬದಲಾಯಿತು, ಅಷ್ಟೇ.

ಆದರೂ ಗೊಂದಲವೇ? ಹಾಗಾದರೆ −2ಕ ಅನ್ನು ಬಲಕ್ಕೆ ಒಯ್ಯಿರಿ: 7 < 15 + 2ಕ. 15 ಕಳೆದರೆ −8 < 2ಕ. ಆಗ −4 < ಕ. ಚಿಹ್ನೆ ತಿರುಗಿಸುವ ಕೆಲಸವೇ ಬರಲಿಲ್ಲ. ನನಗೆ ಈ ದಾರಿಯೇ ಹೆಚ್ಚು ಇಷ್ಟ.

ತಾಳೆ ನೋಡಲು ಎರಡು ಸಂಖ್ಯೆ ಸಾಕು. ಕ = 0 ಹಾಕಿದರೆ 7 < 15, ಸರಿ. ಉತ್ತರದ ಹೊರಗಿನ −5 ಹಾಕಿದರೆ 17 < 15, ತಪ್ಪು. ಹೀಗೇ ಆಗಬೇಕು.

ಸಂಖ್ಯಾರೇಖೆಯಲ್ಲಿ −4ರ ಮೇಲೆ ಖಾಲಿ ವೃತ್ತ ಬರೆದು ಬಲಕ್ಕೆ ಗೆರೆ ಎಳೆಯಿರಿ. −4 ಉತ್ತರದಲ್ಲಿ ಸೇರಿಲ್ಲ. ಚಿಹ್ನೆ ≤ ಅಥವಾ ≥ ಇದ್ದರೆ ವೃತ್ತ ತುಂಬಿಸಿ.

ಕೆಲವೊಮ್ಮೆ ‘ಕ’ ಪೂರ್ತಿ ಮಾಯವಾಗುತ್ತದೆ. 2ಕ + 3 > 2ಕ ಎಂಬುದರಲ್ಲಿ ಉಳಿಯುವುದು 3 > 0. ಇದು ಯಾವಾಗಲೂ ನಿಜ, ಹಾಗಾಗಿ ಎಲ್ಲ ಸಂಖ್ಯೆಗಳೂ ಉತ್ತರವೇ. 3 < 0 ಅಂತ ಉಳಿದರೆ ‘ಪರಿಹಾರವಿಲ್ಲ’ ಎಂದು ಬರೆಯಿರಿ.